ಮೊದಲು ಊರ ಹೆಸರು, ಆಮೇಲೆ ನಾಡಿ

ಭಾನುವಾರ, ಬೆಳಗಿನ ಆರೂಕಾಲು. ತಳಕಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿಗಳು ಇನ್ನೂ ತೆರೆದಿಲ್ಲ. ಎರಡೇ ಕೋಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮಂಗಳಗೌರಿ ತಮ್ಮ ಫೋನನ್ನು ಸಲೈನ್ ಬಾಟಲಿ ತೂಗುಹಾಕುವ ಸ್ಟ್ಯಾಂಡಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟುತ್ತಿದ್ದಾರೆ. ಒಂದು ಸುತ್ತು, ಎರಡು ಸುತ್ತು, ಗಂಟು. ಕ್ಯಾಮೆರಾ ನೋಡುತ್ತಿರುವುದು ರೋಗಿಯ ಮುಖವನ್ನಲ್ಲ, ಮೊಣಕಾಲಿನ ಕೆಳಗಿನ ಭಾಗವನ್ನು. ಫೋನಿನ ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳು, ಚೌಕಕ್ಕೊಂದು ನಿದ್ದೆಗಣ್ಣಿನ ಮುಖ. ಒಟ್ಟು ಇಪ್ಪತ್ತೆರಡು. ಎಲ್ಲರೂ ಡಾಕ್ಟರಾಗಬೇಕೆಂದು ಓದುತ್ತಿರುವ ಈ ಸೀಮೆಯ ಮಕ್ಕಳು.

ಸ್ಟೂಲಿನ ಮೇಲೆ ಕೂತಿರುವವರು ಕೊಂಡ್ಲಹಳ್ಳಿಯ ಮರುಳಪ್ಪ. ವಯಸ್ಸು ಎಪ್ಪತ್ತೊಂದು, ಮೊದಲ ಬಸ್ಸಿಗೆ ಬಂದಿದ್ದಾರೆ. ಅವರ ಮುಂದೆ ನರ್ಸ್ ಪಾತಮ್ಮ ಒಂದು ಚೀಟಿ ಹಿಡಿದು ನಿಂತಿದ್ದಾರೆ.

"ಅಜ್ಜಾ, ಇವತ್ತು ಚಳ್ಳಕೆರೆ, ಮೊಳಕಾಲ್ಮುರು, ತಳಕು, ಕೊಂಡ್ಲಹಳ್ಳಿ ಮಕ್ಕಳು ಅದಾರೆ. ನಿನ್ ಕಾಲು ನೋಡ್ತಾರೆ. ನೋಡ್ಲೋ, ಬ್ಯಾಡ್ವೋ?"

"ಕೊಂಡ್ಲಹಳ್ಳೀದು ಯಾರ ಮನೆ ಕೂಸು?"

"ಅದು ಹೇಳಂಗಿಲ್ಲ. ನಿಮ್ಮೂರಿಂದು ಬ್ಯಾಡ ಅಂದ್ರೆ ಅದನ್ನ ಹೊರಗೆ ಕಳಿಸ್ತೀವಿ."

"ಇರ್ಲಿ ಬಿಡವ್ವ. ನನ್ ಕಾಲು ಊದಿರೋದು ಊರಿಗೆಲ್ಲಾ ಗೊತ್ತೈತೆ. ಬೇಕಾರೆ ಮುಖಾನೂ ತೋರ್ಸು, ನಿನ್ನೆ ಕ್ಷೌರ ಮಾಡಿಸ್ಕೊಂಡೀನಿ." ಆಮೇಲೆ ಟಿಪ್ಪಣಿ ಬರೆದುಕೊಳ್ಳುತ್ತಿರುವ ನನ್ನತ್ತ ತಿರುಗಿ, "ಪೇಪರ್ನಲ್ಲಿ ನನ್ ಹೆಸರೂ ಹಾಕ್ರಿ" ಎಂದು ಅಪ್ಪಣೆ ಕೊಡುತ್ತಾರೆ.

ಮುಖವನ್ನು ಮಾತ್ರ ತೋರಿಸುವುದಿಲ್ಲ. ಡಾಕ್ಟರು ಅವರ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆಯುತ್ತಾರೆ. "ಗುಂಡಿ ಬಿದ್ದಿದ್ದು ಕಾಣ್ತೈತಾ? ಅದು ತುಂಬೋವರೆಗೂ ಎಣಿಸ್ರಿ. ಎಲ್ಲಾರೂ." ಇಪ್ಪತ್ತೆರಡು ಬಾಯಿಗಳು ಎಣಿಸುತ್ತವೆ. ಒಂದು, ಎರಡು, ಮೂರು.

ಈ ಎಣಿಕೆ ನನಗೆ ಹೊಸದಲ್ಲ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಎಂಟರವರೆಗೆ ಕುಕ್ಕರ್ ಕೂಗಿಸುವುದಿಲ್ಲ. ಮಗಳು ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಾಳೆ. ನಾನು ಕಾಳು ಆರಿಸುತ್ತಾ ಹೊರಗೆ ಕೂತರೆ ಅವಳ ದನಿಯಷ್ಟೇ ಕೇಳುತ್ತದೆ: ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. "ಏನೇ ಎಣಿಸೋದು?" ಎಂದರೆ, "ಹೇಳಂಗಿಲ್ಲಮ್ಮ" ಎಂಬ ಉತ್ತರ. ಯಾವ ಗುಟ್ಟನ್ನೂ ಅರ್ಧ ಗಂಟೆ ಬಚ್ಚಿಟ್ಟುಕೊಳ್ಳಲಾರದ ಹುಡುಗಿಗೆ ಬಾಯಿ ಕಟ್ಟುವುದನ್ನು ಕಲಿಸಿದವರು ಯಾರೆಂದು ನೋಡಲಿಕ್ಕೇ ನಾನು ತಳಕಿಗೆ ಬಂದದ್ದು.

ಮಂಗಳಗೌರಿಯವರಿಗೆ ಈಗ ಐವತ್ನಾಲ್ಕು. ಹುಟ್ಟಿದ್ದು ಕೊಂಡ್ಲಹಳ್ಳಿಯ ಒಕ್ಕಲು ಮನೆಯಲ್ಲಿ. ಗಂಡ ಓಂಕಾರಮೂರ್ತಿ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಾಣ ನಡೆಸುತ್ತಾರೆ. ವಾರದ ಆರು ದಿನ ಕ್ಲಿನಿಕ್ಕು ಒಂಬತ್ತಕ್ಕೆ ತೆರೆದು ರಾತ್ರಿ ಎಂಟಕ್ಕೆ ಮುಚ್ಚುತ್ತದೆ, ದಿನಕ್ಕೆ ಅರವತ್ತು ಎಪ್ಪತ್ತು ಜನ. ಭಾನುವಾರದ ಒಂದೂವರೆ ಗಂಟೆ ಅವರಾಗಿಯೇ ಹಚ್ಚಿಕೊಂಡ ಕೆಲಸ. ಯಾರೂ ಕೇಳಿರಲಿಲ್ಲ, ಯಾರೂ ಏನೂ ಕೊಡುವುದೂ ಇಲ್ಲ.

"ನಂಗೆ ಮಾರ್ಕ್ಸ್ ಬಂದಿತ್ತು, ಸೀಟೂ ಸಿಕ್ತು" ಎನ್ನುತ್ತಾರೆ. "ಆದ್ರೆ ಡಾಕ್ಟರು ಅನ್ನೋರು ಬೆಳಗಿಂದ ಸಂಜೆಗಂಟ ಏನ್ ಮಾಡ್ತಾರೆ ಅನ್ನೋದೇ ಗೊತ್ತಿರ್ಲಿಲ್ಲ ನೋಡ್ರಿ. ಮೊದಲ್ನೇ ಸಲ ವಾರ್ಡಿಗೆ ಹೋದಾಗ ಒಬ್ಬ ಹೆಂಗಸು ನನ್ ಕೈ ಹಿಡ್ಕೊಂಡು ಅತ್ಲು. ನಾನೂ ಜತೆಗೆ ಅತ್ತೆ. ಸಿಟಿ ಹುಡ್ಗೀರೆಲ್ಲ ನಿಂತು ನೋಡಿದ್ರು. ಅವ್ರಲ್ಲಿ ಎಷ್ಟೋ ಜನರ ಅಪ್ಪಂದಿರು ಡಾಕ್ಟರು, ಚಿಕ್ಕಂದಿನಿಂದ ಕಂಡಿದ್ರು. ಆ ರಾತ್ರಿ ಅವ್ವಂಗೆ ಕಾಗದ ಬರೆದೆ, ಊರಿಗೆ ಬಂದ್ಬಿಡ್ತೀನಿ ಅಂತ."

ಅವ್ವ ಏನು ಬರೆದರು ಎಂದು ಕೇಳಿದೆ. "ಅವ್ವಂಗೆ ಓದೋಕೆ ಬರ್ತಿರ್ಲಿಲ್ಲ. ಕಾಗದ ಓದಿ ಹೇಳೋರು ಸಿಗೋ ಹೊತ್ತಿಗೆ ನಂಗೆ ಅಭ್ಯಾಸ ಆಗಿತ್ತು" ಎಂದು ನಕ್ಕರು.

ಮೂರು ವರ್ಷದ ಹಿಂದೆ ಚಳ್ಳಕೆರೆಯ ಕಾಲೇಜಿನ ಐದು ಮಕ್ಕಳೊಂದಿಗೆ ಆರಂಭವಾದದ್ದು ಇದು. ಡಾಕ್ಟರ ಪಕ್ಕದಲ್ಲಿ ನಿಂತು ಕೆಲಸ ನೋಡುವುದು. ದೂರದವರು ಬರಲಾಗದು, ಹತ್ತಿರದವರೂ ಎರಡು ಕೋಣೆಯಲ್ಲಿ ಹಿಡಿಸರು, ಹಾಗಾಗಿ ಎಲ್ಲರೂ ಫೋನಿನಲ್ಲಿ ನಿಲ್ಲುತ್ತಾರೆ, ಅಷ್ಟೇ. ಇದುವರೆಗೆ ನೂರಾ ಮೂವತ್ತಕ್ಕೂ ಹೆಚ್ಚು ಭಾನುವಾರಗಳು. ಒಂದು ಬೆಳಗ್ಗೆ ಐದಾರು ರೋಗಿಗಳು. ನೋಡಿ ಹೋದ ಮಕ್ಕಳಲ್ಲಿ ಇಬ್ಬರು ಮೆಡಿಕಲ್ ಸೇರಿದ್ದಾರೆ, ಮೂವರು ನರ್ಸಿಂಗ್. ಒಬ್ಬ ಹುಡುಗ ನಾಲ್ಕು ವಾರ ನೋಡಿ, "ಮೇಡಂ, ಇದು ನನ್ನ ಕೈಲಾಗಲ್ಲ" ಎಂದು ಹೇಳಿ ಕೃಷಿ ಪದವಿಗೆ ಹೋದ. "ಅವನನ್ನೂ ಲೆಕ್ಕಕ್ಕೆ ಹಿಡೀರಿ" ಎನ್ನುತ್ತಾರೆ ಡಾಕ್ಟರು. "ಆರು ವರ್ಷ ಆದ್ಮೇಲೆ ಗೊತ್ತಾಗೋ ಬದ್ಲು ನಾಲ್ಕು ವಾರಕ್ಕೆ ಗೊತ್ತಾಯ್ತು."

ಪಾತಮ್ಮನ ಚೀಟಿಯ ಬಗ್ಗೆ ಕೇಳಿದಾಗ ಡಾಕ್ಟರ ನಗು ನಿಲ್ಲುತ್ತದೆ. ಆರಂಭದ ದಿನಗಳಲ್ಲಿ ಆ ಚೀಟಿ ಇರಲಿಲ್ಲ. ಮುಖ ತೋರಿಸುತ್ತಿರಲಿಲ್ಲ, ಹೆಸರು ಹೇಳುತ್ತಿರಲಿಲ್ಲ. ಅಷ್ಟು ಸಾಕು ಎಂದುಕೊಂಡಿದ್ದರು.

ನಾಲ್ಕನೆಯ ತಿಂಗಳು ತಳಕಿನವರೇ ಆದ ಸುಗ್ರಾ ಬೀ ಬಂದರು. "ಮಕ್ಕಳು ನೋಡಬಹುದಾ?" ಎಂದು ಡಾಕ್ಟರು ಕೇಳಿದರು, ಅವರು ಆಯ್ತೆಂದು ತಲೆಯಾಡಿಸಿದರು. ಕ್ಯಾಮೆರಾ ಬೆನ್ನ ಮೇಲಿತ್ತು. ಆದರೆ ಆ ಚೌಕಗಳಲ್ಲೊಂದರಲ್ಲಿ ಅವರದೇ ಬೀದಿಯ ಹುಡುಗಿ ಸ್ವಪ್ನ ಇದ್ದಳು. ಆಗ ಅವಳು ಮೊದಲ ಪಿಯುಸಿ. ಬೀದಿಯ ಮಕ್ಕಳೆಲ್ಲ ಚಾಚಿ ಎಂದು ಕರೆಯುವ ಆ ಹೆಂಗಸಿನ ಕೆಮ್ಮು, ದನಿ, ಮಾತಿನ ನಡುವೆ ಉಸಿರೆಳೆದುಕೊಳ್ಳುವ ರೀತಿ ಅವಳಿಗೆ ಎಲ್ಲಿ ಕೇಳಿದರೂ ಗೊತ್ತಾಗುವಂಥದ್ದು. ಸಂಕಟ ತಡೆಯಲಾರದೆ ತಾಯಿಗೆ ಹೇಳಿದಳು. ತಾಯಿ ಕರುಳುಳ್ಳವರು. ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಸುಗ್ರಾ ಬೀ ಮನೆಗೆ ಹೋಗಿ, "ಹುಷಾರಾಗ್ತೀಯ, ಹೆದರಬ್ಯಾಡ" ಎಂದರು. ಜಗಲಿಯ ಮೇಲೆ ಇನ್ನಿಬ್ಬರು ಕೂತಿದ್ದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಸುಗ್ರಾ ಬೀ ಮಗಳ ಮದುವೆಯ ಮಾತು ಅರ್ಧಕ್ಕೆ ನಿಂತಿತು.

(ಸುಗ್ರಾ ಬೀ ತಮ್ಮ ಹೆಸರು ಬರೆಯಲು ಒಪ್ಪಿದ್ದಾರೆ. ಕಾಯಿಲೆಯ ಹೆಸರು ಬೇಡ ಎಂದಿದ್ದಾರೆ. ಹಾಗಾಗಿ ಅದು ಇಲ್ಲಿಲ್ಲ.)

ಅವರು ಕ್ಲಿನಿಕ್ಕಿಗೆ ಬರುವುದನ್ನು ಬಿಟ್ಟರು. ಮಾತ್ರೆಯನ್ನೂ ಬಿಟ್ಟರು. "ಆ ಮಾತ್ರೆ ನಡುವೆ ಬಿಡೋ ಅಂಥದ್ದಲ್ಲ. ಬಿಟ್ರೆ ಜೀವಕ್ಕೇ ಬರ್ತಿತ್ತು" ಎನ್ನುತ್ತಾರೆ ಮಂಗಳಗೌರಿ. "ಯಾರೂ ಕೆಟ್ಟದ್ದು ಮಾಡಿರ್ಲಿಲ್ಲ ನೋಡ್ರಿ. ಕೂಸು ಮರುಗ್ತು, ಅದರ ಅವ್ವ ಗಂಜಿ ಕೊಟ್ಲು. ತಪ್ಪು ನಂದು. ಈ ಸೀಮೆಯಾಗೆ ಮುಖ ಮುಚ್ಚಿದ್ರೆ ಗುರ್ತು ಸಿಗಲ್ವಾ? ಕೆಮ್ಮಿದ್ರೆ ಸಾಕು, ಯಾರ ಮನೆಯೋರು ಅಂತ ಹೇಳ್ತಾರೆ."

ಭಾನುವಾರದ ಪಾಠ ನಿಂತಿತು. ಪಾಠದ ಆ ಹೊತ್ತಿಗೇ ಡಾಕ್ಟರು ಮಾತ್ರೆ ಹಿಡಿದು ಸುಗ್ರಾ ಬೀ ಮನೆಯ ಬಾಗಿಲಿಗೆ ಹೋಗಿ ನಿಂತರು. ಬಾಗಿಲು ತೆರೆಯಲಿಲ್ಲ. ಮಾತ್ರೆಯನ್ನು ಕಿಟಕಿಯಲ್ಲಿಟ್ಟು ಬಂದರು. ಮರುವಾರವೂ ಅದೇ. ಮೂರನೆಯ ಭಾನುವಾರ ಬಾಗಿಲು ತೆರೆಯಿತು.

ಆ ದಿನ ಹೇಳಿದ ಮಾತು ಸುಗ್ರಾ ಬೀಗೆ ಇನ್ನೂ ನೆನಪಿದೆ. "ನಾನು ಅಂದೆ, ಡಾಕ್ಟ್ರಮ್ಮಾ, ಮಕ್ಕಳು ನೋಡ್ತಾರೆ ಅಂದ್ರಿ, ಆಯ್ತು ಅಂದೆ. ಯಾವೂರ ಮಕ್ಕಳು ಅಂತ ಹೇಳಿದ್ರಾ ನೀವು? ಬೆಂಗ್ಳೂರು ಮಕ್ಕಳು ನೋಡಿದ್ರೆ ನಂಗೇನು? ನಮ್ ಗಲ್ಲಿ ಹುಡ್ಗಿ ನೋಡಿದ್ರೆ ನಾನೆಲ್ಲಿಗೆ ಹೋಗ್ಲಿ?"

ಮಂಗಳಗೌರಿ ವಾದ ಮಾಡಲಿಲ್ಲ. ಮನೆಗೆ ಬಂದು ಮಕ್ಕಳ ಊರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದರು, ಪಾಠವನ್ನು ಮತ್ತೆ ನಡೆಸಿದರು. ಅಂದಿನಿಂದ ನಾಡಿ ಹಿಡಿಯುವ ಮೊದಲು ಊರ ಹೆಸರು ಓದುವುದು ನಿಯಮ. ಕನ್ನಡದಲ್ಲಿ, ಮೊಳಕಾಲ್ಮುರಿನ ಆಚೆಯಿಂದ ಬಂದವರಿಗೆ ತೆಲುಗಿನಲ್ಲಿ. "ಪಿಲ್ಲಲು ಚೂಸ್ತಾರಮ್ಮಾ, ಪರವಾಲೇದಾ?" ಎಂದು ಪಾತಮ್ಮ ಕೇಳುತ್ತಾರೆ, ಮಕ್ಕಳು ನೋಡುತ್ತಾರೆ, ಪರವಾಗಿಲ್ಲವೇ ಎಂದು. ರೋಗಿ ಬೇಡವೆಂದರೆ ಅವರ ಊರಿನ ಮಗು ಹೊರಗೆ. ಮಕ್ಕಳು ಕೋಣೆಯಲ್ಲಿ ಒಬ್ಬರೇ ಕೂರಬೇಕು. ನೋಡಿದ್ದನ್ನು ಅಮ್ಮನಿಗೂ ಹೇಳುವಂತಿಲ್ಲ.

ಮಾತ್ರೆ ಮತ್ತೆ ಶುರುವಾಯಿತು, ಸುಗ್ರಾ ಬೀ ಗುಣವಾದರು, ಮಗಳ ಮದುವೆಯೂ ಆಯಿತು. ಅಳುತ್ತಾ ಓದನ್ನೇ ಬಿಡುತ್ತೇನೆಂದಿದ್ದ ಸ್ವಪ್ನಳನ್ನು ಡಾಕ್ಟರೇ ಕರೆದುಕೊಂಡು ಬಂದರು. ಆದರೆ ಈ ನಿಯಮದಿಂದ ಹೆಚ್ಚು ಕಳೆದುಕೊಂಡವಳೂ ಅವಳೇ. ಬರುವ ರೋಗಿಗಳಲ್ಲಿ ಅರ್ಧಕ್ಕರ್ಧ ತಳಕಿನವರು, ಅವರಲ್ಲಿ ಹೆಚ್ಚಿನವರು ನಮ್ಮೂರಿನ ಮಗು ಬೇಡ ಎನ್ನುತ್ತಾರೆ. ಈಗ ಎರಡನೆಯ ಬಾರಿ ನೀಟ್‌ಗೆ ಓದುತ್ತಿರುವ ಅವಳು ಮೂರು ವರ್ಷದಲ್ಲಿ ಕಂಡಿರುವುದು ಉಳಿದವರು ಕಂಡದ್ದರಲ್ಲಿ ಅರ್ಧ. ಹೊರಗೆ ಕಳಿಸಿದ್ದಕ್ಕೆ ಒಮ್ಮೆಯೂ ಯಾಕೆಂದು ಕೇಳಿಲ್ಲವಂತೆ.

ನಾನಿದ್ದ ಭಾನುವಾರ ಮರುಳಪ್ಪ ಎದ್ದ ಮೇಲೆ ಸುಗ್ರಾ ಬೀ ಒಳಗೆ ಬಂದರು. ಗುಣವಾದ ಮೇಲೂ ಆಗಾಗ ತೋರಿಸಿಕೊಳ್ಳಬೇಕು. ಪಾತಮ್ಮ ಚೀಟಿ ಎತ್ತುವ ಮೊದಲೇ ಪರದೆಯಲ್ಲಿ ಒಂದು ಚೌಕ ಆರಿತು. ಸ್ವಪ್ನ ತಾನಾಗಿ ಹೊರಗೆ ಹೋಗಿದ್ದಳು.

"ಯಾರು ಹೋದ್ರು?" ಸುಗ್ರಾ ಬೀ ಕೇಳಿದರು.

ಪಾತಮ್ಮ ಡಾಕ್ಟರ ಮುಖ ನೋಡಿದರು. "ಹೇಳಂಗಿಲ್ಲ ಬೀಬಿ."

"ಹೇಳಬ್ಯಾಡ. ನಂಗೊತ್ತು. ಎಷ್ಟು ದಿನ ಹೊರಗೆ ನಿಲ್ತಾಳೆ ಆ ಹುಡ್ಗಿ? ಕರೀರಿ."

ಡಾಕ್ಟರು ತಕ್ಷಣ ಕರೆಯಲಿಲ್ಲ. ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, "ನನ್ ಮುಖ ನೋಡಿ ಹೇಳಬ್ಯಾಡ್ರಿ. ಬ್ಯಾಡ ಅಂದ್ರೂ ಔಷಧಿ ಇದೇ, ಡಾಕ್ಟರೂ ನಾನೇ" ಎಂದರು.

"ಕರೀರಿ ಅಂದ್ನಲ್ಲಾ."

ಚೌಕ ಮತ್ತೆ ಹೊತ್ತಿತು. ಸ್ವಪ್ನ ಡಾಕ್ಟರಿಗೆ ನಮಸ್ಕಾರ ಹೇಳುವುದನ್ನೇ ಮರೆತಳು. "ಚಾಚಿ, ನಾನು ಇರ್ಲಾ?" ಎಂದಳು.

"ಇರು, ಇರು. ಸರಿಯಾಗಿ ನೋಡು" ಎಂದರು ಸುಗ್ರಾ ಬೀ. "ಗಂಜಿ ಮಾತ್ರ ತರಬ್ಯಾಡ."

ಪಾತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯತ್ತ ತಿರುಗಿದರು. ಡಾಕ್ಟರು ಸ್ಟೆತಸ್ಕೋಪ್ ಹಾಕಿಕೊಂಡು ಬೆನ್ನಿಗೆ ಕಿವಿಗೊಟ್ಟರು, ಅಷ್ಟು ಹೊತ್ತು ಕೇಳುವಂಥದ್ದು ಅಲ್ಲಿ ಏನಿತ್ತೋ.

ಎಂಟು ಗಂಟೆಗೆ ಬ್ಯಾಂಡೇಜಿನ ಗಂಟು ಬಿಚ್ಚಿದರು. ತಣ್ಣಗಾದ ಟೀ ಕುಡಿಯುತ್ತಾ ಕೂತಾಗ ಕೇಳಿದೆ, ಈ ಮಕ್ಕಳಿಂದ ನಿಮಗೇನು ಬೇಕು?

"ನಂಗೂ ವಯಸ್ಸಾಗ್ತೈತೆ. ಒಂದಿನ ಇವ್ರಲ್ಲೇ ಯಾರೋ ಒಬ್ರ ಮುಂದೆ ನಾನೂ ಸ್ಟೂಲ್ ಮೇಲೆ ಕೂರ್ತೀನಿ" ಎಂದರು. "ಕೈ ಹಿಡಿಯೋಕೆ ಮೊದ್ಲು, ಅಮ್ಮಾ, ಇಲ್ಲಿ ಯಾರ್ಯಾರು ಇರ್ಲಿ ಅಂತ ನನ್ನ ಕೇಳ್ಲಿ. ಇವತ್ತು ಸ್ವಪ್ನ ಕೇಳಿದ್ಲಲ್ಲ, ಹಂಗೆ."