ಗಿಲಕಿ ಆಯಮ್ಮನ ಬಾಕಿ

ಬೆಳಕು ಇನ್ನೂ ಕಾಂಪೌಂಡ್ ಗೋಡೆ ದಾಟಿ ಬಂದಿಲ್ಲ. ಆಸ್ಪತ್ರೆಯ ಮಕ್ಕಳ ವಾರ್ಡಿನ ಹಿಂದೆ, ಹಾಸಿಗೆ ಬಟ್ಟೆ ಒಣಹಾಕುವ ಅಂಗಳದಲ್ಲಿ, ಒಬ್ಬ ಹೆಂಗಸು ಕಾಲು ನೀಡಿ ಕುಳಿತು ಹಾಲಿನ ಪುಡಿಯ ಡಬ್ಬಿಯ ಬಾಯನ್ನು ಕಲ್ಲಿಗೆ ಉಜ್ಜುತ್ತಿದ್ದಾರೆ. ತಗಡಿನ ಅಂಚು ಮಗುವಿನ ಬೆರಳಿಗೆ ತಾಗಬಾರದು. ಉಜ್ಜುತ್ತಾರೆ, ಹೆಬ್ಬೆರಳನ್ನು ಅಂಚಿನ ಸುತ್ತ ಓಡಿಸಿ ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ಉಜ್ಜುತ್ತಾರೆ. ಪಕ್ಕದ ಬಕೆಟ್ಟಿನಲ್ಲಿ ಕುದಿಸಿ ಒಣಗಿಸಿದ ಮಾತ್ರೆ ಡಬ್ಬಿಗಳು, ಹಳೆಯ ಅಂಗಿಯ ಗುಂಡಿಗಳು, ಸಣ್ಣ ಕಲ್ಲುಗಳು, ಒಂದಿಷ್ಟು ರಬ್ಬರ್ ಬ್ಯಾಂಡು. ಎಡಗೈ ಮಣಿಕಟ್ಟಿನಲ್ಲಿ ಬಳೆಗಳ ನಡುವೆಯೂ ಒಂದು ಕೆಂಪು ರಬ್ಬರ್ ಬ್ಯಾಂಡು ಇದೆ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಇವರು ಈ ವಾರ್ಡಿನ ಆಯಾ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ; ಮಕ್ಕಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಗಿಲಕಿ ಆಯಮ್ಮ. ಮಾತ್ರೆ ಡಬ್ಬಿಯೊಳಗೆ ಗುಂಡಿ ಹಾಕಿ ಮುಚ್ಚಿದರೆ ಗಿಲಕಿ. ಹಾಲಿನ ಡಬ್ಬಿಗೆ ಹೊಸ ಕೈಗವಸಿನ ರಬ್ಬರು ಬಿಗಿದರೆ ತಮಟೆ. ಬಿಸ್ಕತ್ತಿನ ಡಬ್ಬಿಗೆ ಉದ್ದಕ್ಕೆ ನಾಲ್ಕು ರಬ್ಬರ್ ಬ್ಯಾಂಡು ಎಳೆದು ಕಟ್ಟಿದರೆ ವೀಣೆ. ಇವರು ಮಾಡಿಕೊಡುವುದಿಲ್ಲ, ಮಕ್ಕಳಿಂದ ಮಾಡಿಸುತ್ತಾರೆ. ಎದ್ದು ಓಡಾಡಬಲ್ಲವರು ಅಂಗಳಕ್ಕೆ ನಡೆದು ಬರುತ್ತಾರೆ, ಉಳಿದವರು ಗಾಲಿಕುರ್ಚಿಯಲ್ಲಿ ಬರುತ್ತಾರೆ. ಡಾಕ್ಟರು ರೌಂಡ್ಸಿಗೆ ಬರುವ ಮೊದಲು ಎಷ್ಟು ಬೇಕಾದರೂ ಸದ್ದು ಮಾಡಬಹುದು, ಬಂದ ಮೇಲೆ ಉಸಿರೆತ್ತಬಾರದು. ಇದು ಹಿರಿಯ ಸಿಸ್ಟರ್ ಹಾಕಿದ ಷರತ್ತು.

ಹೋದ ವರ್ಷ ನಮ್ಮ ಮನೆಯವರು ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಲಗಿದ್ದರು. ಕೊನೆಯ ದಿನಗಳಲ್ಲಿ ಅವರಿಗೆ ಮಾತು ನಿಂತಿತ್ತು. ಕಿಟಕಿಯಿಂದ ಈ ಸದ್ದು ಬಂದಾಗ ಮಾತ್ರ ಅತ್ತ ಮುಖ ತಿರುಗಿಸುತ್ತಿದ್ದರು. ಯಾರು ಮಾಡಿಸುತ್ತಾರೆ ಇದನ್ನು ಎಂದು ಕೇಳಿಕೊಂಡು ಈಗ ಬಂದಿದ್ದೇನೆ.

ಆಯಮ್ಮನ ತಂದೆ ತಗಡಿನ ಕೆಲಸದವರು. ಸೋರುವ ಕೊಡಕ್ಕೆ ಬೆಸುಗೆ ಹಾಕುತ್ತ ಬೀದಿ ಬೀದಿ ಸುತ್ತಿದವರು. "ಅಪ್ಪ ಡಬ್ಬಿ ಬಡಿದು ಸದ್ದಿನಲ್ಲೇ ತೂತು ಎಲ್ಲಿದೆ ಅಂತ ಹೇಳ್ತಿದ್ದ. ನಂಗೆ ಆ ವಿದ್ಯೆ ಬರ್ಲಿಲ್ಲ, ಬಡಿಯೋದು ಮಾತ್ರ ಬಂತು," ಎಂದು ನಗುತ್ತಾರೆ. ಮೊದಲು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿದ್ದರು. ಬ್ಲೀಚಿಂಗ್ ನೀರಿಗೆ ಕೈ ಬಿರಿದು ರಕ್ತ ಬಂದ ಮೇಲೆ ವಾರ್ಡಿಗೆ ಹಾಕಿದರು. ಈಗಲೂ ಬೆರಳು ಸರಿಯಾಗಿ ಮಡಚಲು ಬರುವುದಿಲ್ಲ, ಚಳಿಗಾಲದಲ್ಲಿ ಇನ್ನೂ ಕಷ್ಟ. ಮಂಡಿ ನೋವು ಬೇರೆ. ನೆಲದಿಂದ ಏಳುವಾಗ ಹತ್ತಿರವಿದ್ದ ಮಗುವಿನ ಹೆಗಲು ಹಿಡಿದು, "ಸ್ವಲ್ಪ ಎತ್ತಪ್ಪ ಪೈಲ್ವಾನ್," ಎನ್ನುತ್ತಾರೆ. ಮಗು ನಿಜವಾಗಿಯೂ ತಾನೇ ಎತ್ತಿದೆ ಎಂದು ನಂಬುತ್ತದೆ.

ಈ ಅಂಗಳದಲ್ಲಿ ಒಂದು ರೂಢಿಯಿದೆ. ಅದಕ್ಕೆ ಮಕ್ಕಳು ಇಟ್ಟಿರುವ ಹೆಸರು 'ಬಾಕಿ'. ಹಿಂದೊಮ್ಮೆ ಆಪರೇಷನ್ನಿಗೆ ಹೋಗಲಾರೆನೆಂದು ಮಂಚದ ಕಾಲು ಹಿಡಿದು ಕೂತಿದ್ದ ಹುಡುಗನೊಬ್ಬನ ಕೈಯಲ್ಲಿ ಅರ್ಧ ಮಾಡಿದ ಗಿಲಕಿ ಇತ್ತಂತೆ. "ಹೋಗಿ ಬಾ, ಬಂದ್ಮೇಲೆ ಮುಚ್ಚಳ ಹಾಕೋಣ," ಎಂದು ಆಯಮ್ಮ ಹೇಳಿದ್ದಾರೆ. ಹುಡುಗ ಎದ್ದು ಹೋಗಿದ್ದಾನೆ, ಬಂದು ಮುಚ್ಚಳ ಹಾಕಿದ್ದಾನೆ. ಅಂದಿನಿಂದ ಆಪರೇಷನ್ನಿಗೆ ಹೋಗುವ ಯಾವ ಮಗುವೂ ತನ್ನ ವಾದ್ಯವನ್ನು ಪೂರ್ತಿ ಮಾಡುವುದಿಲ್ಲ. ತಮಟೆಗೆ ಒಂದು ಗಂಟು, ವೀಣೆಗೆ ಒಂದು ಎಳೆ, ಏನಾದರೊಂದು ಬಾಕಿ ಇರಲೇಬೇಕು. ಆ ಬಾಕಿಯನ್ನು ಆಯಮ್ಮ ಜೇಬಿನಲ್ಲೋ ಕೈಯಲ್ಲೋ ಇಟ್ಟುಕೊಂಡು ಕಾಯುತ್ತಾರೆ.

ಬರದೆ ಹೋದವರೂ ಇದ್ದಾರೆ. ಬಟ್ಟೆ ತಂತಿಯ ತುದಿಯಲ್ಲಿ ತೂಗುವ ಕೆಲವು ಡಬ್ಬಿಗಳು ಅವರವು. ಅವನ್ನು ಬೇರೆ ಮಕ್ಕಳಿಗೆ ಕೊಟ್ಟಿಲ್ಲ, ಮುಗಿಸಿಯೂ ಇಲ್ಲ. "ಅದು ಅವ್ರ ಕೆಲಸ. ನಾನ್ಯಾರು ಮುಗಿಸೋಕೆ?" ಎಂದಷ್ಟೇ ಹೇಳಿದರು.

ಈ ದಿನ ಹೋಗಬೇಕಾದವಳು ಬಟಾಣಿ. ಎರಡನೇ ತರಗತಿಯ ಹುಡುಗಿ, ದುಂಡು ಮುಖಕ್ಕೆ ವಾರ್ಡಿನಲ್ಲಿ ಇಟ್ಟ ಹೆಸರು ಅದು. ಹೊಟ್ಟೆಯಲ್ಲಿ ಗಂಟು ಬೆಳೆದಿದೆ. ತಾಯಿ ಹೊಲಿಗೆ ಕೆಲಸದವರು, ಜೊತೆಗೆ ಬೇರೆ ಯಾರೂ ಇಲ್ಲ. ನಿನ್ನೆ ಬಿಸ್ಕತ್ತಿನ ಡಬ್ಬಿಗೆ ಮೂರು ಎಳೆ ಕಟ್ಟಿ, ನಾಲ್ಕನೆಯದನ್ನು ಬಟಾಣಿಯೇ ಆಯಮ್ಮನ ಮಣಿಕಟ್ಟಿಗೆ ಹಾಕಿದ್ದಾಳೆ. ಆ ಕೆಂಪು ಬ್ಯಾಂಡು ಅದೇ.

ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಟ್ರಾಲಿ ಬರುತ್ತದೆ. ತಲೆಗೆ ಹಸಿರು ಟೋಪಿ ಹಾಕಿದ ಬಟಾಣಿ ಇನ್ನಷ್ಟು ದುಂಡಗೆ ಕಾಣುತ್ತಾಳೆ. ಆಯಮ್ಮ ಥಿಯೇಟರಿನ ಬಾಗಿಲವರೆಗೆ ಪಕ್ಕದಲ್ಲೇ ನಡೆಯುತ್ತಾರೆ. "ಡಬ್ಬಿ ಕಿಟಕಿ ಮೇಲಿದೆ, ನೋಡ್ಕೋ ಆಯಮ್ಮ," ಎನ್ನುತ್ತಾಳೆ ಹುಡುಗಿ. ಬಾಗಿಲು ಮುಚ್ಚುತ್ತದೆ.

ಡಬ್ಬಿ ನೋಡಲು ವಾರ್ಡಿಗೆ ಹೋದ ಆಯಮ್ಮ ಅಲ್ಲೇ ನಿಂತುಬಿಡುತ್ತಾರೆ. ಡಬ್ಬಿಯ ಮೇಲೆ ನಾಲ್ಕು ಎಳೆಗಳಿವೆ. ಮೂರು ಕೆಂಪು, ಒಂದು ಕಪ್ಪು. ಮುಟ್ಟದೆ, ಬೆರಳು ತೋರಿಸಿ ಎಣಿಸುತ್ತಾರೆ. ತಮ್ಮ ಮಣಿಕಟ್ಟು ನೋಡಿಕೊಳ್ಳುತ್ತಾರೆ. ಕೆಂಪು ಬ್ಯಾಂಡು ಅಲ್ಲೇ ಇದೆ.

ಮಂಚದ ಪಕ್ಕ ನಿಂತಿದ್ದ ತಾಯಿಗೆ ಈ ರೂಢಿ ಗೊತ್ತಿಲ್ಲ. ಸಹಜವಾಗಿಯೇ ಹೇಳುತ್ತಾರೆ: "ನಿನ್ನೆ ಸಂಜೆ ಜಡೆಗೆ ಹಾಕಿದ್ದನ್ನ ಕಿತ್ತು ಅವಳೇ ಕಟ್ಕೊಂಡ್ಲು. ಯಾಕೆ ಆಯಮ್ಮ, ತಪ್ಪಾಯ್ತಾ?"

"ಇಲ್ಲ ಕಣಮ್ಮ. ಚೆನ್ನಾಗ್ ಕಟ್ಟಿದಾಳೆ."

ಹಾಗೆಂದು ಹೇಳಿ ಅಂಗಳಕ್ಕೆ ಬಂದವರ ಮುಖದಲ್ಲಿ ರಕ್ತವಿಲ್ಲ. ಬೇರೆ ಮಕ್ಕಳು ಸುತ್ತ ಕೂತು ಬಾಟಲಿಗಳಿಗೆ ನೀರು ತುಂಬುತ್ತಿದ್ದಾರೆ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಚಮಚದಿಂದ ಬಡಿದರೆ ಒಂದೊಂದಕ್ಕೆ ಒಂದೊಂದು ದನಿ. ಆಯಮ್ಮನ ಕೈ ಕೆಲಸ ಮಾಡುತ್ತಿದೆ, ಕಣ್ಣು ಮಾತ್ರ ಕಾರಿಡಾರಿನ ಕಡೆಗೇ. ಟ್ರಾಲಿ ತಳ್ಳುವ ವಾರ್ಡ್‌ಬಾಯ್ ದಿನವೂ ಇವರನ್ನು ರೇಗಿಸುವವನು, ನಿಮ್ಮ ಬ್ಯಾಂಡ್ ಸೆಟ್ ಮದುವೆಗೆ ಬರುತ್ತಾ ಅಕ್ಕ ಎಂದು ಕೇಳುವವನು. ವಿಷಯ ತಿಳಿದು ಅವನೂ ದನಿ ಇಳಿಸುತ್ತಾನೆ. "ಒಂದೆಳೆ ಬಿಚ್ಚಿಬಿಡಿ ಅಕ್ಕ. ಯಾರಿಗೆ ಗೊತ್ತಾಗತ್ತೆ?"

"ನೋಡ್ಕೋ ಅಂದ್ಲು. ಮುಟ್ಟು ಅನ್ಲಿಲ್ಲ."

ಇದೆಲ್ಲ ಸುಮ್ಮನೆ ಮಕ್ಕಳ ಸಮಾಧಾನಕ್ಕಲ್ಲವೇ ಎಂದು ನಾನು ಮೆಲ್ಲಗೆ ಕೇಳುತ್ತೇನೆ. ಹೌದು ಎನ್ನುತ್ತಾರೆ. ಡಬ್ಬಿಯಿಂದ ಏನೂ ಆಗುವುದಿಲ್ಲ, ಡಾಕ್ಟರ ಕೈ, ದೇವರ ಕೈ, ಅಷ್ಟೇ ಎಂದೂ ಹೇಳುತ್ತಾರೆ. "ಗೊತ್ತಿದೆ ಅಮ್ಮ. ಆದ್ರೂ ಎದೆ ಕೇಳಲ್ವಲ್ಲ," ಎನ್ನುತ್ತಾರೆ. ಕೆಂಪು ಬ್ಯಾಂಡನ್ನು ಬೆರಳಿಂದ ತಿರುಗಿಸುತ್ತಲೇ ಇದ್ದಾರೆ. ಹಾಕಲು ಜಾಗವಿಲ್ಲದ ಬ್ಯಾಂಡು.

ಮಧ್ಯಾಹ್ನಕ್ಕೆ ಮುಗಿಯಬಹುದು ಎಂದಿದ್ದರು. ಮಧ್ಯಾಹ್ನ ಕಳೆಯುತ್ತದೆ. ಒಗೆದ ಬಟ್ಟೆಗಳು ಒಣಗುತ್ತವೆ. ಆಯಮ್ಮ ಅವನ್ನು ಮಡಚುತ್ತಾರೆ, ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಾರೆ. ತಾಯಿ ಥಿಯೇಟರಿನ ಹೊರಗಿನ ಬೆಂಚಿನ ತುದಿಯಲ್ಲಿ, ಎದ್ದು ಹೋಗುವವರ ಹಾಗೆ ಕೂತಿದ್ದಾರೆ. ಆಯಮ್ಮ ಟೀ ತಂದುಕೊಟ್ಟರೆ ಲೋಟ ಹಿಡಿದುಕೊಂಡೇ ಇರುತ್ತಾರೆ, ಕುಡಿಯುವುದಿಲ್ಲ. ಕಾರಿಡಾರಿನಲ್ಲಿ ಯಾರ ಚಪ್ಪಲಿ ಸದ್ದಾದರೂ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತಾರೆ. ತಂತಿಯ ತುದಿಯಲ್ಲಿ ಗಾಳಿಗೆ ಡಬ್ಬಿಗಳು ಒಂದಕ್ಕೊಂದು ತಾಗುತ್ತವೆ. ಆ ಕಡೆ ನೋಡಬಾರದೆಂದು ನಾನು ಕಣ್ಣು ಮುಚ್ಚಿ, ಬಲ್ಲ ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿಕೊಳ್ಳುತ್ತೇನೆ. ಹೋದ ವರ್ಷ ಅರ್ಧಕ್ಕೆ ನಿಲ್ಲಿಸಿದ್ದ ಪ್ರಾರ್ಥನೆ ಅದು.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಗಂಟನ್ನು ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರು ತಾಯಿಗೆ ಹೇಳುತ್ತಾರೆ. ತಾಯಿ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾರೆ. ಆಯಮ್ಮನಿಗೆ ಅಷ್ಟು ಸಾಲದು. ಹುಡುಗಿ ಕಣ್ಣು ಬಿಡಬೇಕು.

ಬಿಡುತ್ತಾಳೆ. ತುಟಿ ಒಣಗಿದೆ, ಮಾತು ಎಳೆದೆಳೆದು ಬರುತ್ತದೆ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತ ಆಯಮ್ಮ, ಬೈಯುವ ಹಾಗೆಯೇ ಕೇಳುತ್ತಾರೆ: "ಏನೇ ಬಟಾಣಿ, ಬಾಕಿ ಇಡ್ದೆ ಹೋಗಿದ್ಯಲ್ಲ?"

"ಇಟ್ಟಿದ್ದೆ," ಎನ್ನುತ್ತಾಳೆ ಹುಡುಗಿ. "ಕರೀದನ್ನ ಮೀಟೇ ಇಲ್ಲ. ಅದ್ರ ಸದ್ದು ನಂಗೂ ಗೊತ್ತಿಲ್ಲ."

ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ತಮ್ಮ ಕೈಯಲ್ಲಿದ್ದ ಕೆಂಪು ಬ್ಯಾಂಡು ಬಿಟ್ಟು ಜಡೆಯದನ್ನು ಯಾಕೆ ಕಿತ್ತೆ ಎಂದರೆ, "ಅದು ನಿನ್ನ ಹತ್ರ ಇತ್ತಲ್ಲ," ಎಂಬ ಉತ್ತರ ಬರುತ್ತದೆ. ಟೋಪಿ ಜಾರಿ ಹುಡುಗಿಯ ಕೂದಲು ದಿಂಬಿನ ತುಂಬ ಹರಡಿದೆ. ಆಯಮ್ಮ ಮಣಿಕಟ್ಟಿನ ಕೆಂಪು ಬ್ಯಾಂಡನ್ನು ತೆಗೆದು, ಮಡಚಲು ಬಾರದ ಬೆರಳುಗಳಿಂದ, ಆ ಕೂದಲನ್ನು ಒಟ್ಟುಮಾಡಿ ನಿಧಾನವಾಗಿ ಕಟ್ಟುತ್ತಾರೆ. ಡಬ್ಬಿಯನ್ನು ಹುಡುಗಿಯ ಕೈಯಳತೆಯಲ್ಲಿಡುತ್ತಾರೆ. ಇವತ್ತು ಬೇಡ, ಶಕ್ತಿ ಬಂದ ಮೇಲೆ ಮೀಟಬಹುದು.

ನಿಮಗೆ ಏನಾದರೂ ಬೇಕೇ ಎಂದು ಹೊರಡುವಾಗ ಆಯಮ್ಮನನ್ನು ಕೇಳಿದೆ. ಯೋಚಿಸಿ ಹೇಳಿದರು:

"ಆ ಕರೀ ಎಳೆ ಸದ್ದು ಹೇಗಿದೆ ಅಂತ ಕೇಳ್ಬೇಕು. ನಾಳೆ ರಜೆ ಇತ್ತು ನಂಗೆ. ಬರ್ತೀನಿ."