ಅಕ್ಕನ ಪಾದರಸದ ಒಲೆ

ನಮ್ಮಕ್ಕನಿಗೆ ನನ್ನ ಮೇಲೆ ಸಿಟ್ಟು ಅಂತ ನಾನು ಒಂದೂವರೆ ವರ್ಷ ನಂಬಿಕೊಂಡಿದ್ದೆ. ಯಾಕೆ ಸಿಟ್ಟು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನೇ ಏನಾದರೂ ಅಂದಿರಬೇಕು, ನನ್ನದು ಎಲುಬಿಲ್ಲದ ನಾಲಿಗೆ. ಆದರೆ ಯಾವ ಮಾತು, ಯಾವತ್ತು ಅಂದದ್ದು ಅಂತ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಅಕ್ಕ ಎಂಥವಳು ಅಂತ ಮೊದಲು ಹೇಳಿಬಿಡುತ್ತೇನೆ. ಬೀದಿಯ ಆ ತುದಿಯಲ್ಲಿ ಅವಳು ನಕ್ಕರೆ ಈ ತುದಿಯಲ್ಲಿರುವ ನನ್ನ ಹೊಲಿಗೆ ಅಂಗಡಿಗೆ ಕೇಳಿಸುತ್ತಿತ್ತು. ನಲ್ಲಿಯ ಹತ್ತಿರ ಜಗಳವಾದರೆ ಬಿಡಿಸಲಿಕ್ಕೆ ಅವಳೇ ಬೇಕು. ಜಗಳ ಶುರುವಾಗಲಿಕ್ಕೂ ಎಷ್ಟೋ ಸಲ ಅವಳೇ ಬೇಕಾಗುತ್ತಿತ್ತು. ನನ್ನ ಎದುರು ಮನೆಯ ಮೇಷ್ಟ್ರು ಅವಳಿಗೆ ‘ರೇಡಿಯೋ’ ಅಂತ ಹೆಸರಿಟ್ಟಿದ್ದರು. ಅದನ್ನು ಕೇಳಿಸಿಕೊಂಡು ಅವಳು ಅವರ ಮನೆ ಬಾಗಿಲಲ್ಲೇ ನಿಂತು ವಾರ್ತೆ ಓದಿ ಬಂದಿದ್ದಳು.

ಅವಳ ಕೆಲಸ ಅಂದರೆ ಚಿನ್ನದ ಕೆಲಸ. ಅಕ್ಕಸಾಲೆಯದಲ್ಲ, ಅದಕ್ಕೂ ಮುಂಚಿನದು. ಭಾವ ಗುಡ್ಡದ ಗುಂಡಿಗಳಿಂದ ಅದಿರಿನ ಕಲ್ಲು ತಂದು, ಜಜ್ಜಿ, ಹಿಟ್ಟಿನಷ್ಟು ನುಣ್ಣಗೆ ಅರೆದು ಕೊಡುತ್ತಿದ್ದರು. ಅಲ್ಲಿಂದ ಮುಂದಿನದೆಲ್ಲ ಅಕ್ಕನದು. ಅಗಲವಾದ ಬೋಗುಣಿಯಲ್ಲಿ ಆ ಪುಡಿಗೆ ನೀರು ಹಾಕಿ, ಸಣ್ಣ ಸೀಸೆಯಿಂದ ಪಾದರಸ ಸುರಿದು, ಬರಿಗೈಯಲ್ಲಿ ಗಂಟೆಗಟ್ಟಲೆ ಉಜ್ಜುವಳು. ಪಾದರಸ ಕಲ್ಲನ್ನು ಕೇಳುವುದಿಲ್ಲ, ಮಣ್ಣನ್ನು ಕೇಳುವುದಿಲ್ಲ, ಚಿನ್ನದ ಕಣ ಎಲ್ಲಿದ್ದರೂ ಹುಡುಕಿ ಅಂಟಿಕೊಳ್ಳುತ್ತದೆ. “ನಿನಗಿಂತ ಇದಕ್ಕೇ ಚಿನ್ನದ ಆಸೆ ಜಾಸ್ತಿ ನೋಡೇ” ಅಂತ ನನ್ನನ್ನು ರೇಗಿಸುತ್ತಿದ್ದಳು. ಆಮೇಲೆ ಮರಳನ್ನು ತೊಳೆದು ಚೆಲ್ಲಿ, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುವುದು. ಹೆಚ್ಚಿನ ಪಾದರಸ ಬಟ್ಟೆಯಿಂದ ಹನಿಹನಿಯಾಗಿ ಇಳಿದು, ಒಳಗೆ ಬೆಳ್ಳಗಿನ ಒಂದು ಉಂಡೆ ನಿಲ್ಲುತ್ತದೆ. ಬಟ್ಟೆಯೊಳಗೆ ಅದು ಕಿರ್ರ್ ಅಂದರೆ ಹಿಂಡಿದ್ದು ಸಾಕು ಅಂತ ಲೆಕ್ಕ. ಆ ಉಂಡೆಯನ್ನು ಕಬ್ಬಿಣದ ಸೌಟಿನಲ್ಲಿಟ್ಟು ಒಲೆಯ ಮೇಲೆ ಕಾಯಿಸಿದರೆ ಬಿಳಿ ಹೋಗಿ ಹಳದಿ ಉಳಿಯುತ್ತದೆ. ಅದೇ ಚಿನ್ನ.

ಕಾಯಿಸುವಾಗ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಬೇಕು, ಬಾಗಿಲ ಕೆಳಗಿನ ಸಂದಿಗೂ ಬಟ್ಟೆ ತುರುಕಬೇಕು ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದರು. ಇಲ್ಲದಿದ್ದರೆ ಹೊಗೆಯ ಜೊತೆ ಚಿನ್ನವೂ ಹೊರಟುಹೋಗುತ್ತದಂತೆ. ಸುಳ್ಳು ಅನ್ನುವುದು ಹೇಗೆ? ಸೌಟಿಗೆ ಹಾಕಿದ ಉಂಡೆಯ ತೂಕ ಒಂದು, ಇಳಿಸಿದಾಗ ಉಳಿಯುವುದು ಅದರ ಅರ್ಧಕ್ಕೂ ಕಡಿಮೆ. ಮಿಕ್ಕದ್ದು ಎಲ್ಲಿಗೆ ಹೋಯಿತು? ಆರು ತಿಂಗಳಿಗೊಮ್ಮೆ ಅಕ್ಕ ಒಲೆಯ ಮೇಲಿನ ಚಾವಣಿಯ ತಗಡಿಗೆ ಹಿಡಿದ ಮಸಿಯನ್ನು ಕೆರೆದು ತೊಳೆದರೆ ಬೆಳ್ಳಿಯಂಥ ಸಣ್ಣ ಗುಂಡುಗಳು ಉರುಳುತ್ತಿದ್ದವು. ಅವನ್ನು ಮತ್ತೆ ಸೀಸೆಗೆ ತುಂಬುತ್ತಾ, “ನೋಡಿದ್ಯಾ? ಕಿಟಕಿ ತೆಗೆದಿದ್ರೆ ಇದೂ ಹೋಗ್ತಿತ್ತು” ಅನ್ನುವಳು. ನಾನೂ ಹೌದಲ್ಲ ಅನ್ನುತ್ತಿದ್ದೆ. ಅವಳಷ್ಟು ಅಚ್ಚುಕಟ್ಟು ನನಗೆ ಬರಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಇಂಥ ಅಕ್ಕ ಒಂದು ದಿನ ನನ್ನ ಅಂಗಡಿಯ ಮೆಟ್ಟಿಲವರೆಗೆ ಬಂದು, ಒಳಗೆ ಇಬ್ಬರು ಕೂತಿದ್ದನ್ನು ಕಂಡು, ಹಾಗೇ ತಿರುಗಿ ಹೋದಳು. ನಾನು ಕತ್ತರಿ ಬಿಸಾಕಿ ಹಿಂದೆ ಓಡಿದೆ.

“ಏನಾಗಿದೆ ನಿನಗೆ? ನಾನೇನ್ ಮಾಡ್ದೆ?”

“ಏನಿಲ್ವೇ. ಜನ ನೋಡ್ತಾರೆ.”

“ಜನ ನೋಡ್ದೆ ಇನ್ನೇನು, ಕಣ್ಣು ಮುಚ್ಕೊಂಡು ಓಡಾಡ್ತಾರಾ?”

ಹಳೆಯ ಅಕ್ಕನಾಗಿದ್ದರೆ ಒಂದಕ್ಕೆ ನಾಲ್ಕು ಕೊಡುತ್ತಿದ್ದಳು. ಇವಳು ಕಣ್ಣು ತುಂಬಿಕೊಂಡು ಗೋಡೆ ಪಕ್ಕದಲ್ಲೇ ನಡೆದು ಹೋದಳು. ನಾನು ನಡುಬೀದಿಯಲ್ಲಿ ಬೆಪ್ಪಾಗಿ ನಿಂತೆ.

ಆಮೇಲೆ ಒಂದೊಂದೇ ಕಂಡಿತು. ಚಹಾ ಲೋಟ ಹಿಡಿದರೆ ಕೈ ನಡುಕ. ಅರ್ಧ ಹೇಳಿದ ಮಾತಿನ ಉಳಿದರ್ಧ ಮರೆವು. ಯಾರಾದರೂ ಬಂದರೆ ಒಳಗಿನ ಕೋಣೆಗೆ ಹೋಗಿ, ಅವರು ಹೋಗುವ ತನಕ ಹೊರಗೆ ಬರುವುದಿಲ್ಲ. ಭಾವನ ಮೇಲೆ ನನಗೆ ಅನುಮಾನ ಬಂತು. ಮನೆಯಲ್ಲಿ ಏನೋ ನಡೆದಿದೆ, ಇಲ್ಲದಿದ್ದರೆ ರೇಡಿಯೋ ಹೀಗೆ ಬಾಯಿ ಮುಚ್ಚುತ್ತದಾ? ನೇರವಾಗಿಯೇ ಕೇಳಿದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು.

“ನಾನೂ ನಿನ್ನನ್ನ ಅದನ್ನೇ ಕೇಳೋಣ ಅಂತಿದ್ದೆ ಕಣಮ್ಮ. ನೀವಿಬ್ರೂ ಏನಾದ್ರೂ ಮಾತಿಗೆ ಮಾತು ಬೆಳೆಸಿದ್ರಾ?”

ಅಂದರೆ ನಾನು ಅವರನ್ನು ಗುಮಾನಿಯಿಂದ ನೋಡುತ್ತಿದ್ದಾಗ ಅವರು ನನ್ನನ್ನು ನೋಡುತ್ತಿದ್ದರು. ಇಬ್ಬರೂ ಸೇರಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ನಾಲಿಗೆ ನೋಡಿದರು, ಮೊಣಕಾಲಿಗೆ ಬಡಿದರು, ನರದ ನಿಶ್ಶಕ್ತಿ ಅಂದರು. “ಇವರಿಗೆ ಏನು ಕೆಲಸ?” ಅಂತ ಕೇಳಿದರು. ಅಕ್ಕ ಬಾಯಿ ಬಿಡಲಿಲ್ಲ. ನಾನೇ “ಮನೇಲೇ ಇರ್ತಾಳೆ ಡಾಕ್ಟ್ರೇ” ಅಂದೆ. ಸುಳ್ಳೇನಲ್ಲವಲ್ಲ. ಟಾನಿಕ್ ಬರೆದುಕೊಟ್ಟರು. ಎರಡು ಬಾಟಲಿ ಖಾಲಿಯಾಯಿತು, ನಡುಕ ಹೋಗಲಿಲ್ಲ.

ಅಷ್ಟರಲ್ಲಿ ಹೊಸ ಗುಂಡಿ ತೋಡಲು ಭಾವ ಎರಡು ತಿಂಗಳು ಗುಡ್ಡದಲ್ಲೇ ಉಳಿಯಬೇಕಾಯಿತು. ಅಕ್ಕನನ್ನು ನಮ್ಮ ಮನೆಗೆ ಕರೆತಂದೆ. ನನಗೂ ಮನೆಯಲ್ಲಿ ಬೇರೆ ಯಾರೂ ಇಲ್ಲ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಮೊದಲ ಎರಡು ವಾರ ಮೂಲೆ ಹಿಡಿದು ಕೂತಳು. ನಾಲ್ಕನೆಯ ವಾರ ಲೋಟ ತುಳುಕಿಸದೆ ಚಹಾ ಕುಡಿದಳು. ಆರನೆಯ ವಾರ ನಾನು ಗಿರಾಕಿಯೊಬ್ಬರ ಕೋಟಿಗೆ ಎರಡೂ ಕಡೆ ಎಡಗೈ ತೋಳನ್ನೇ ಹೊಲಿದುಬಿಟ್ಟೆ. ಅಕ್ಕ ಅದನ್ನು ತೊಟ್ಟು ನೋಡಿ ನಕ್ಕಳು. ಹಳೆಯ ನಗುವೇ, ಎದುರು ಮನೆಯ ಮೇಷ್ಟ್ರು ಕಿಟಕಿಗೆ ಬಂದು ಇಣುಕುವಷ್ಟು. ನನಗೆ ಅಳು ಬಂತು. ನನ್ನ ಆರೈಕೆಯಿಂದಲೇ ಅವಳು ಚೇತರಿಸಿಕೊಂಡಳು ಅಂತ ಹೆಮ್ಮೆಯಿಂದ ಬೀಗಿದೆ. ಭಾವನ ಮನೆಯೇ ಅವಳಿಗೆ ಆಗಿಬರುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ಭಾವ ಒಂದು ಮೂಟೆ ಅದಿರಿನ ಪುಡಿಯೊಂದಿಗೆ ಗುಡ್ಡ ಇಳಿದು ಬಂದಾಗ, ಅಕ್ಕ ಬರುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ.

“ಹಾಗಾದ್ರೆ ಇದನ್ನ ಕಾಯ್ಸೋರ್ಯಾರು? ಆ ಹದ ನನಗೆ ಸಿಗಲ್ಲಮ್ಮ.”

“ಒಲೆ ಇಲ್ಲಿಗೇ ತನ್ನಿ. ಅಕ್ಕ ಇಲ್ಲೇ ಮಾಡ್ತಾಳೆ, ನನ್ನ ಕಣ್ಮುಂದೆ ಇರ್ತಾಳೆ.”

ಒಲೆ ಬಂತು, ಸೌಟು ಬಂತು, ಸೀಸೆ ಬಂತು. ಹಿಂದಿನ ಕೋಣೆಯನ್ನು ನಾನೇ ಸಜ್ಜು ಮಾಡಿದೆ. ಎರಡು ಪದರದ ದಪ್ಪ ಬಟ್ಟೆಯಲ್ಲಿ ಪರದೆ ಹೊಲಿದು, ಕಿಟಕಿ ಚೌಕಟ್ಟಿಗೆ ಸುತ್ತಲೂ ಮೊಳೆ ಹೊಡೆದು ಕೂರಿಸಿದೆ. ಅಷ್ಟು ಬಿಗಿಯಾಗಿ ನಾನು ಬೇರೇನನ್ನೂ ಹೊಲಿದಿಲ್ಲ. ಅಕ್ಕ ಒಬ್ಬಳೇ ಇರಬಾರದು ಅಂತ ಅಂಗಿಗಳಿಗೆ ಕಾಜಾ ಹೊಲಿಯುವ, ಗುಂಡಿ ಹಚ್ಚುವ ಕೆಲಸ ಹಿಡಿದು ನಾನೂ ಅವಳ ಪಕ್ಕದಲ್ಲೇ ಕೂರುತ್ತಿದ್ದೆ.

ಮೂರು ತಿಂಗಳಿಗೆ ನಡುಕ ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಒಂದು ದಿನ ನನ್ನ ಹೆಸರೇ ಅವಳ ಬಾಯಿಗೆ ಬರಲಿಲ್ಲ. “ಇವಳೇ, ಇವಳೇ” ಅನ್ನುತ್ತಾ ಬೆವರಿದಳು. ನನಗೆ ದಿಕ್ಕೇ ತೋಚಲಿಲ್ಲ. ಈಗ ತಪ್ಪನ್ನು ಭಾವನ ಮೇಲೆ ಹಾಕುವ ಹಾಗಿಲ್ಲ. ಮನೆ ಬೇರೆ, ಊಟ ಬೇರೆ, ಗಾಳಿ ಬೇರೆ. ಹಾಗಾದರೆ ಕಾರಣ ನಾನೇನಾ? ನನ್ನ ಕೈಯ ಕಾಜಾಗಳೂ ವಕ್ರವಾಗತೊಡಗಿದ್ದವು. ಅಕ್ಕನ ಚಿಂತೆಯಿಂದ ಇರಬೇಕು ಅಂದುಕೊಂಡೆ.

ಮನೆಮನೆಗೆ ಬಂದು ಮಕ್ಕಳಿಗೆ ಲಸಿಕೆ ಹಾಕುವ ನರ್ಸಮ್ಮ ತಮ್ಮ ಚೀಲದ ಪಟ್ಟಿ ಹೊಲಿಸಲು ಬಂದದ್ದು ಅದೇ ವಾರ. ಕೈ ತೊಳೆಯಲು ಹಿಂದಕ್ಕೆ ಹೋದವರು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಅಕ್ಕ ಆಗತಾನೇ ಸೌಟು ಇಳಿಸುತ್ತಿದ್ದಳು, ಅದು ಒಲೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು.

“ಈ ಕಿಟಕಿ ಯಾಕೆ ಹೀಗೆ ಮುಚ್ಚಿದೀರಿ?”

ನಾನು ಜಂಬದಿಂದಲೇ ಎಲ್ಲ ವಿವರಿಸಿದೆ. ಅವರು ನೇರ ಒಳಗೆ ಹೋಗಿ, ಆ ಪರದೆಯನ್ನು ಎರಡೂ ಕೈಯಿಂದ ಕಿತ್ತು, ಕಿಟಕಿ ತೆರೆದು, ನಮ್ಮಿಬ್ಬರನ್ನೂ ಅಂಗಳಕ್ಕೆ ಎಳೆದುಕೊಂಡು ಬಂದರು.

“ಹೊಗೇಲಿ ಹೋಗೋದು ಚಿನ್ನ ಅಲ್ಲಮ್ಮ, ಪಾದರಸ. ಕೋಣೆ ಮುಚ್ಚಿ ಅದನ್ನೇ ಉಸಿರಾಡ್ತಿದೀರ. ಕೈ ನಡುಗೋದು, ಮರೆಯೋದು, ಜನ ಕಂಡ್ರೆ ಮುದುರ್ಕೊಳ್ಳೋದು, ಎಲ್ಲಾ ಅದರದ್ದೇ.”

“ನಾಚಿಕೆನೂನಾ?”

“ನಾಚಿಕೆನೂ.”

ಮತ್ತೆ ಕೇಳಿದೆ. ಅವರು ಮತ್ತೆ ಹೌದು ಅಂದರು. ಹೊಗೆ ಮನುಷ್ಯರಿಗೆ ನಾಚಿಕೆ ಹೇಗೆ ತರಿಸುತ್ತದೆ? ನನಗೆ ಅದು ಈಗಲೂ ಅರ್ಥವಾಗಿಲ್ಲ. ಆ ಒಲೆ ಇನ್ನು ಹಚ್ಚಕೂಡದು, ನಾಳೆಯೇ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋಗಬೇಕು, ಅಲ್ಲಿ ಎಲ್ಲಕ್ಕಿಂತ ಮೊದಲು ನಾವು ಮಾಡುವ ಕೆಲಸ ಏನು ಅಂತ ಡಾಕ್ಟರಿಗೆ ಹೇಳಬೇಕು ಅಂದರು. ಅಕ್ಕ ಮೊದಲಿನ ಹಾಗೆ ಆಗುತ್ತಾಳಾ ಅಂತ ಕೇಳಿದೆ. “ಎಷ್ಟು ವಾಪಸ್ ಬರುತ್ತೆ ಅಂತ ಯಾರೂ ಹೇಳಕ್ಕಾಗಲ್ಲ” ಅಂದರು.

ಅವರು ಹೋದ ಮೇಲೆ ನನಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಎದುರಿಗೆ ಇದ್ದದ್ದು ಅಕ್ಕ ಒಬ್ಬಳೇ.

“ಇಲ್ಲಿ ಒಲೆ ಇಲ್ದಾಗ ಚೆನ್ನಾಗಿದ್ಯಲ್ಲ! ನಿನಗೆ ಒಂದ್ಸಲನಾದ್ರೂ ಅನುಮಾನ ಬರ್ಲಿಲ್ವಾ?”

ಅಕ್ಕ ನನ್ನನ್ನು ನೋಡಲಿಲ್ಲ. ಗೋಡೆಗೆ ಹೇಳುವವಳ ಹಾಗೆ, ತಡೆತಡೆದು ಹೇಳಿದಳು.

“ಬಂದಿತ್ತು ಕಣೇ. ಒಲೆ ಬೇಡ ಅನ್ನೋಣ ಅಂತ ನಿನ್ನ ಹತ್ರ ಬಂದೆ. ನೀನು ಖುಷಿಯಾಗಿ ಆ ಪರದೆ ಹೊಲೀತಿದ್ದೆ. ಬಾಗಿಲಲ್ಲೇ ನಿಂತಿದ್ದೆ, ಸುಮಾರು ಹೊತ್ತು.”

“ಮತ್ತೆ ಹೇಳೋದಕ್ಕೇನಾಗಿತ್ತು?”

“ನಿನ್ನ ಹತ್ರ ಮಾತಾಡಕ್ಕೆ ನಾಚಿಕೆ ಆಯ್ತು.”

ನಾನು ಅವಳ ತಂಗಿ. ಅವಳ ತಲೆ ಬಾಚಿದವಳು, ಬೆನ್ನು ಉಜ್ಜಿದವಳು, ಮದುವೆಯ ತನಕ ಅವಳ ಹಾಸಿಗೆಯಲ್ಲೇ ಮಲಗಿದವಳು. ನನ್ನ ಹತ್ತಿರ.