ರಮಣೀಯ ರಾಜ್ಯಕ್ಕೊಂದು ಪೆನ್ಸಿಲ್ ತಿದ್ದುಪಡಿ

ಬಸ್ ನಿಲ್ದಾಣದ ಮೂಲೆಯಲ್ಲಿ, ಹಣ್ಣಿನ ಅಂಗಡಿಗೂ ಶೌಚಾಲಯಕ್ಕೂ ನಡುವೆ, ಪ್ರವಾಸಿ ಮಾಹಿತಿ ಕೇಂದ್ರವೆಂಬ ಫಲಕ ಹೊತ್ತ ಒಂದು ಕಿಟಕಿ ಇತ್ತು. ಅದರ ಹಿಂದೆ ಇಪ್ಪತ್ತೆರಡು ವರ್ಷ ಕೂತವಳನ್ನು ನಿಲ್ದಾಣದವರೆಲ್ಲ ವಿಚಾರಣೆ ಅಕ್ಕ ಎನ್ನುತ್ತಿದ್ದರು. ಹತ್ತು ಜನ ವಿಚಾರಿಸಿದರೆ ಅದರಲ್ಲಿ ಏಳು ಜನ ವಿಚಾರಿಸುತ್ತಿದ್ದದ್ದು ಪಕ್ಕದ ಬಾಗಿಲನ್ನು. "ಎಡಗಡೆ ಗಂಡಸರದು, ಬಲಗಡೆ ಹೆಂಗಸರದು" ಎಂದು ಅಕ್ಕ ತಲೆ ಎತ್ತದೆ ಹೇಳುತ್ತಿದ್ದಳು. ಇಲಾಖೆ ಸಾರ್ವಜನಿಕರಿಗೆ ಕೊಟ್ಟ ಮಾಹಿತಿಯಲ್ಲಿ ಅತ್ಯಂತ ನಿಖರವಾದದ್ದು ಅದೇ.

ಉಳಿದ ಮೂವರಿಗೆ ಕೊಡಲು ಅವಳ ಬಳಿ ಒಂದು ಪುಸ್ತಕವಿತ್ತು. ರಾಜ್ಯದ ಇತಿಹಾಸ, ಪ್ರೇಕ್ಷಣೀಯ ಸ್ಥಳ ಎಲ್ಲವೂ ಇನ್ನೂರು ಪುಟದಲ್ಲಿ. ಹಿಂದಿನ ಅಧಿಕಾರಿಯೊಬ್ಬರು ಮೂರು ವರ್ಷ ಕುರ್ಚಿ ಬಿಟ್ಟು ಕದಲದೆ ಬರೆದ ಗ್ರಂಥ. ಬಸ್ಸುಗಳ ಮುಷ್ಕರವಿದ್ದ ಒಂದು ದಿನ ಅಕ್ಕ ಹೊತ್ತು ಹೋಗದೆ ಎಣಿಸಿದಾಗ 'ರಮಣೀಯ' ಎಂಬ ಮಾತು ಅರವತ್ತೊಂದು ಸಲ ಸಿಕ್ಕಿತು. ಕೋಟೆ ರಮಣೀಯ, ಕೆರೆ ರಮಣೀಯ, ಹಿಂದೆ ಕಳ್ಳರನ್ನು ನೇಣಿಗೆ ಹಾಕುತ್ತಿದ್ದ ದಿಬ್ಬವೂ ರಮಣೀಯ.

ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರು ಒಂದು ಮಂಗಳವಾರ ಸಂಜೆ ವಾಪಸ್ ಬಂದು ಆ ಪುಸ್ತಕವನ್ನು ಕಿಟಕಿಯ ಮೇಲಿಟ್ಟರು.

"ಗುಡ್ಡದ ಮೇಲೆ ವಸ್ತುಸಂಗ್ರಹಾಲಯ ಇದೆ ಅಂತ ಇದರಲ್ಲಿದೆ."

"ಇದೆ ಸರ್."

"ಸೋಮವಾರ ಮಾತ್ರ ರಜೆ ಅಂತ ಇದೆ. ಅದಕ್ಕೇ ಇವತ್ತು ಹತ್ತಿದ್ವಿ. ಬೀಗದ ತೂತಲ್ಲಿ ಜೇಡ ಗೂಡು ಕಟ್ಟಿದೆ. ಮುಚ್ಚಿ ಒಂಬತ್ತು ವರ್ಷ ಆಯ್ತಂತೆ."

"ಸೋಮವಾರ ರಜೆ ಅನ್ನೋದೇನೋ ನಿಜಾನೇ ಅಲ್ವಾ ಸರ್" ಎಂದಳು ಅಕ್ಕ. ಇಪ್ಪತ್ತೆರಡು ವರ್ಷದ ನೌಕರಿ ಅವಳ ಬಾಯಿಂದ ಆಡಿಸಿದ ಮಾತದು.

ಮೇಷ್ಟರು ಹಿಂದಕ್ಕೆ ತಿರುಗಿ ನೋಡಿದರು. ಹಿಂದಿನ ಬೆಂಚಿನಲ್ಲಿ ಅವರ ಹೆಂಡತಿ ಕಿತ್ತುಹೋದ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಊದಿದ ಪಾದವನ್ನು ನೀವಿಕೊಳ್ಳುತ್ತಿದ್ದರು. ಅಕ್ಕನಿಗೆ ಮುಖ ಎತ್ತಲಾಗಲಿಲ್ಲ. ಅವರ ಬಸ್ಸು ಹೊರಟ ಮೇಲೆ ಪೆನ್ಸಿಲ್ ಚೂಪು ಮಾಡಿ ತನ್ನ ಪ್ರತಿಯ ಅಂಚಿನಲ್ಲಿ ಬರೆದಳು: "ಏಳೂ ದಿನ ರಜೆ."

ಒಂದು ಬರೆದ ಮೇಲೆ ಕೈ ನಿಲ್ಲಲಿಲ್ಲ. ಬೈಯಲು ಬಂದವರೆಲ್ಲ ಅವಳಿಗೆ ಮೇಷ್ಟರಾದರು. ಕಂಡಕ್ಟರುಗಳು, ಡ್ರೈವರುಗಳು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಕಾವಲುಗಾರರು ತಮಗೆ ಗೊತ್ತಿದ್ದನ್ನು ಸೇರಿಸಿದರು. ಎರಡು ವರ್ಷದಲ್ಲಿ ಅಚ್ಚಿನ ಅಕ್ಷರಕ್ಕಿಂತ ಪೆನ್ಸಿಲಿನ ಅಕ್ಷರವೇ ಹೆಚ್ಚಾಯಿತು.

"ಜಲಪಾತ: ಫೋಟೋ ತೆಗೆದ ವರ್ಷ ನೀರಿತ್ತು."

"ಗೋಪುರ: ಮುನ್ನೂರು ಮೆಟ್ಟಿಲು ಎಂದಿದೆ. ನಾನೂರ ಹನ್ನೆರಡು. ಬರೆದವರು ಇಳಿಯುವಾಗ ಎಣಿಸಿರಬೇಕು."

"ಅರಮನೆ ಹಿಂದಿನ ರಾಣಿಯ ಕೊಳ: ಕುದುರೆಗಳಿಗೆ ನೀರು ಕುಡಿಸುತ್ತಿದ್ದ ತೊಟ್ಟಿ. ರಾಣಿ ಬಂದದ್ದು ಟಿಕೆಟ್ ಶುರುವಾದ ವರ್ಷ."

"ರಣರಂಗ: ಇಲ್ಲಿ ಯುದ್ಧ ಆಗಲಿಲ್ಲ. ಎರಡೂ ಕಡೆಯ ಸೈನ್ಯ ಬಂದು, ಬಿಸಿಲು ನೋಡಿ, ವಾಪಸ್ ಹೋದವು. ನೀವೂ ಹಾಗೇ ಮಾಡಬಹುದು."

ಯಾರೋ ಒಬ್ಬರು ಅದನ್ನು ಕೇಳಿ ಪಡೆದು ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿಕೊಂಡರು. ಅಂಗಡಿಯವನು ತನಗೂ ಒಂದು ಪ್ರತಿ ಇಟ್ಟುಕೊಂಡ. ಆಮೇಲೆ ಅಕ್ಕನನ್ನು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಸುದ್ದಿ ಕೊನೆಗೆ ಇಲಾಖೆಯ ನಿರ್ದೇಶಕರ ಕಿವಿಗೂ ಬಿತ್ತು. ರಾಜ್ಯದ ಹೊಸ ಸುದ್ದಿ ಅಲ್ಲಿಗೆ ತಲುಪಲು ಸಾಮಾನ್ಯವಾಗಿ ಎರಡು ವರ್ಷವೇ ಬೇಕು. ಸರ್ಕಾರಿ ಗ್ರಂಥವನ್ನು ವಿರೂಪಗೊಳಿಸಿದ್ದಕ್ಕೆ ಕಾರಣ ಕೇಳಿ ಮೆಮೊ ಬಂತು.

ಮನೆಯಲ್ಲಿ ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮೆಮೊ ಓದಿ, "ಭಾಷೆ ಚೆನ್ನಾಗಿದೆ" ಎಂದು ವಾಪಸ್ ಕೊಟ್ಟ. ವಿಚಾರಣೆ ಮುಂದುವರಿಸಿದ್ದು ಅತ್ತೆ.

"ನೀನು ಬರೆದಿದ್ದು ಸುಳ್ಳಾ?"

"ಇಲ್ಲ ಅತ್ತೆ, ಎಲ್ಲಾ ನಿಜ."

"ಹಾಗಾದ್ರೆ ಕೆಲಸ ಹೋಯ್ತು ಬಿಡು."

ಅಕ್ಕ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಎರಡು ಸಾಲಿನ ಉತ್ತರ ಬರೆದಳು: "ವಿರೂಪಗೊಳಿಸಿಲ್ಲ, ಪೆನ್ಸಿಲಿನಲ್ಲಿ ಬರೆದಿದ್ದೇನೆ. ಪುಸ್ತಕದಲ್ಲಿರುವುದು ನಿಜವಾದ ದಿನ ಅಳಿಸಿಕೊಡುತ್ತೇನೆ."

ಇದನ್ನು ಓದಿದ ನಿರ್ದೇಶಕರು ಅವಳ ಸುಳ್ಳನ್ನು ಖುದ್ದಾಗಿ ಬಯಲು ಮಾಡಲು ನಿರ್ಧರಿಸಿದರು. ಭಾನುವಾರ ಇಲಾಖೆಯ ಜೀಪಿನಲ್ಲಿ ಅರಮನೆಯ ತಪಾಸಣೆಗೆ ಹೊರಟರು. ತಪಾಸಣೆ ಗಂಭೀರವಾದದ್ದು, ಒಬ್ಬರಿಂದ ಆಗುವಂಥದ್ದಲ್ಲ. ಹಾಗಾಗಿ ಹೆಂಡತಿಯನ್ನೂ ಇಬ್ಬರು ಭಾವಮೈದುನರನ್ನೂ ಕರೆದುಕೊಂಡರು.

ಆಯುಧಗಳ ಸಭಾಂಗಣದಲ್ಲಿ ತುಕ್ಕು ಹಿಡಿದ ಕತ್ತಿಗಳ ಮುಂದೆ ಅವರು ಭಾವಮೈದುನರಿಗೆ ಇತಿಹಾಸ ಹೇಳುತ್ತಿದ್ದಾಗ ದೂರದಲ್ಲಿ ದೊಡ್ಡ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಚಿಲಕ. ಆಮೇಲೆ ಬೀಗ. ನಾಲ್ವರೂ ಬಾಗಿಲ ಬಳಿ ಓಡಿ ಬಡಿದರು, ಕೂಗಿದರು. ಅರಮನೆಯ ಬಾಗಿಲು ಶತ್ರುಗಳ ಆನೆಗೂ ಜಗ್ಗುವುದಿಲ್ಲವೆಂದು ಪುಸ್ತಕದಲ್ಲಿತ್ತು. ಅದೊಂದು ಮಾತು ನಿಜವಾಗಿತ್ತು.

ಹೆಂಡತಿ ಚೀಲದಿಂದ ಜೆರಾಕ್ಸ್ ಹಾಳೆಗಳ ಕಟ್ಟೊಂದನ್ನು ತೆಗೆದು ಪುಟ ತಿರುವಿದರು. "ಇಲ್ಲೇ ಬರೆದಿದೆ ನೋಡಿ. 'ಒಂದು ಗಂಟೆಗೆ ಕಾವಲುಗಾರ ಊಟಕ್ಕೆ ಹೋಗುತ್ತಾನೆ. ಒಳಗೆ ಯಾರಿದ್ದಾರೆಂದು ನೋಡುವ ಅಭ್ಯಾಸವಿಲ್ಲ. ಮೂರಕ್ಕೆ ಬರುತ್ತಾನೆ.'"

"ಅದು ನಿನ್ನ ಹತ್ರ ಹೇಗೆ ಬಂತು?"

"ಎಲ್ಲರ ಹತ್ರಾನೂ ಇದೆ. ನಿಮ್ಮ ಪುಸ್ತಕಾನೂ ಮನೇಲಿದೆ, ಗಾಳಿಗೆ ಬಾಗಿಲು ಬಡ್ಕೋಬಾರದು ಅಂತ ಅಡ್ಡ ಇಟ್ಟಿದೀನಿ."

ನಿರ್ದೇಶಕರು ಕೈಗಡಿಯಾರ ನೋಡಿಕೊಂಡು ಕೇಳಿದರು, "ಮುಂದೇನಿದೆ?"

"'ಸಿಕ್ಕಿಹಾಕಿಕೊಂಡವರು ಕೂಗಬೇಡಿ, ಗಂಟಲು ನೋವು ಬರುತ್ತದೆ. ಉತ್ತರದ ಕಿಟಕಿ ಕೆಳಗಿನ ಕಲ್ಲು ತಂಪಾಗಿದೆ.'"

ನಿರ್ದೇಶಕರು ಹೋಗಿ ಆ ಕಲ್ಲಿನ ಮೇಲೆ ಕೂತರು. ತಂಪಾಗಿತ್ತು.

ಸೋಮವಾರ ಅವರು ಕಿಟಕಿಯ ಮುಂದೆ ಬಂದು ನಿಂತರು. ಅಕ್ಕ ತಲೆ ಎತ್ತದೆ "ಎಡಗಡೆ" ಎಂದಳು. ಆಮೇಲೆ ನೋಡಿ ಎದ್ದು ನಿಂತಳು.

"ಅರಮನೆಗೆ ಎಷ್ಟು ಸಲ ಹೋಗಿದೀರಿ?"

"ಒಂದ್ಸಲಾನೂ ಇಲ್ಲ ಸರ್. ನಾನು ಹೋದ್ರೆ ಕಿಟಕಿ ಯಾರು ನೋಡ್ಕೋತಾರೆ?"

ಮೆಮೊ ವಾಪಸಾಯಿತು. ಬದಲಿಗೆ ಪರಿಷ್ಕೃತ ಆವೃತ್ತಿಗೆಂದು ಒಂದು ಸಮಿತಿ ಹುಟ್ಟಿತು. ಸಮಿತಿಯ ಸದಸ್ಯರು ಎಲ್ಲ ಸ್ಥಳಗಳನ್ನೂ ಕಣ್ಣಾರೆ ನೋಡಬೇಕೆಂದು ಸಮಿತಿಯೇ ತೀರ್ಮಾನಿಸಿತು. ಸದಸ್ಯರಿಗೆ ಪುರುಸೊತ್ತಿಲ್ಲದ ಕಾರಣ ಅವರ ಕಣ್ಣುಗಳ ಪರವಾಗಿ ಅಕ್ಕನನ್ನು ಕಳಿಸುವುದೆಂದೂ ತೀರ್ಮಾನಿಸಿತು. ಹದಿನೈದು ದಿನದ ಪ್ರವಾಸ. ಅತ್ತೆ ತಾನೂ ಬರುತ್ತೇನೆಂದು ಆಗಲೇ ಚೀಲ ಕಟ್ಟಿ ಬಾಗಿಲಲ್ಲಿ ಕೂತಿದ್ದರು.

ಮೊದಲ ನಾಲ್ಕು ದಿನ ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಜಲಪಾತದಲ್ಲಿ ನೀರಿರಲಿಲ್ಲ. ಗೋಪುರಕ್ಕೆ ನಾನೂರ ಹನ್ನೆರಡೇ ಮೆಟ್ಟಿಲು. ಅತ್ತೆ ಕೆಳಗೇ ಕೂತು, "ನೀನು ಎಣಿಸ್ಕೊಂಡು ಬಾ, ನಾನು ನಂಬ್ತೀನಿ" ಎಂದಿದ್ದರು. ಊರಿಂದೂರಿಗೆ ಹೋಗಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗೆದ್ದವಳಂತೆ ಬಸ್ಸು ಹತ್ತುತ್ತಿದ್ದಳು.

ಐದನೆಯ ದಿನ ಸಂಜೆ ಹಳೆಯ ಸೇತುವೆಗೆ ಬಂದರು. ಅದರ ಬಗ್ಗೆ ಅಕ್ಕ ಬರೆದಿದ್ದದ್ದು: "ನದಿ ದಾರಿ ಬದಲಿಸಿದೆ. ಕೆಳಗೆ ನೀರಿಲ್ಲ. ನೋಡಲು ಏನೂ ಇಲ್ಲ. ಹೋಗಬೇಡಿ."

ನೀರಿರಲಿಲ್ಲ, ನಿಜ. ಹನ್ನೊಂದು ಕಲ್ಲಿನ ಕಮಾನುಗಳು ಸೊಂಟದೆತ್ತರದ ಹುಲ್ಲಿನ ಮೇಲೆ ನಿಂತಿದ್ದವು. ಗಾಳಿ ಬೀಸಿದಾಗ ಹುಲ್ಲು ಈ ತುದಿಯಿಂದ ಆ ತುದಿಗೆ ಬಾಗುತ್ತ ಕಮಾನುಗಳ ಕೆಳಗೆ ಹರಿದುಹೋಗುತ್ತಿತ್ತು. ಕೆಲಸ ಮುಗಿಸಿದ ಜನ ಸೇತುವೆಯ ಮೇಲೆ ಸಾಲಾಗಿ ಮನೆಗೆ ಹೋಗುತ್ತಿದ್ದರು. ಅಕ್ಕ ಒಬ್ಬ ಹೆಂಗಸನ್ನು ತಡೆದು ಕೇಳಿದಳು, "ಕೆಳಗೇ ನಡ್ಕೊಂಡು ಹೋಗಬಹುದಲ್ಲ, ಹತ್ರ ಆಗುತ್ತೆ?"

"ಆಗುತ್ತೆ" ಎಂದಳು ಅವಳು. "ಆದ್ರೆ ಇದು ಇಷ್ಟು ವರ್ಷದಿಂದ ನಿಂತಿದೆಯಲ್ಲ, ನಾವೂ ಬರದೇ ಹೋದ್ರೆ ಹೇಗೆ?"

ಅತ್ತೆ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದರು. ಬಸ್ಸಿನ ಹೊತ್ತಾಯಿತೆಂದರೆ ಏಳಲಿಲ್ಲ. "ಇಲ್ಲಿಗೆ ಹೋಗಬೇಡಿ ಅಂತ ಬರೆದವರು ಯಾರೇ?"

"ನಾನೇ ಅತ್ತೆ."

"ನಿನಗೆ ಯಾರು ಹೇಳಿದ್ರು?"

ಅಕ್ಕನಿಗೆ ನೆನಪಾಯಿತು. ಬಸ್ಸು ತಪ್ಪಿಸಿಕೊಂಡು ತಲೆನೋವು ಹಿಡಿಸಿಕೊಂಡು ಬಂದಿದ್ದ ಒಬ್ಬ ಮನುಷ್ಯ. ಅವನು ಬೈದಿದ್ದ, ಅವಳು ಬರೆದುಕೊಂಡಿದ್ದಳು. ಈ ಸೇತುವೆ ನೋಡಿ ಸಂತೋಷಪಟ್ಟವರು ಆಮೇಲೆ ಎಷ್ಟೋ ಮಂದಿ ಇದ್ದಿರಬೇಕು. ಆದರೆ ಸಂತೋಷಪಟ್ಟವರು ಮಾಹಿತಿ ಕೇಂದ್ರಕ್ಕೆ ಯಾಕೆ ಬರುತ್ತಾರೆ? ಅವರು ನೆಟ್ಟಗೆ ಮನೆಗೆ ಹೋಗುತ್ತಾರೆ. ಕುರ್ಚಿ ಬಿಡದೆ ಹೊಗಳಿದ ಅಧಿಕಾರಿಯನ್ನು ತಾನು ಕುರ್ಚಿ ಬಿಡದೆ ತಿದ್ದಿದ್ದು ಅವಳಿಗೆ ಅಲ್ಲಿ ಹೊಳೆಯಿತು, ನಾಚಿಕೆಯೂ ಆಯಿತು. ಮುಂದಿನ ಹತ್ತು ದಿನ ಒಂದೊಂದು ಊರಲ್ಲೂ ಮೊದಲ ಬಸ್ಸನ್ನು ಬಿಟ್ಟು, ಇನ್ನಷ್ಟು ಹೊತ್ತು ಕೂತು ನೋಡಿ, ಎರಡನೆಯ ಬಸ್ಸಿಗೆ ಹೊರಟಳು.

ಪರಿಷ್ಕೃತ ಆವೃತ್ತಿ ಬಂತು. ಕರ್ತೃ ನಿರ್ದೇಶಕರು. ಸೇತುವೆಗೆ ಜಾಗ ಸಿಗಲಿಲ್ಲ, ಸಮಿತಿಯ ಗುಂಪುಚಿತ್ರಕ್ಕೆ ಪೂರ್ತಿ ಪುಟ ಬೇಕಾಗಿತ್ತು. ಆ ಗುಂಪಿನಲ್ಲಿ ಅಕ್ಕ ಇರಲಿಲ್ಲ. ಅವತ್ತು ಕಿಟಕಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲವಂತೆ.

ಅವಳೀಗ ಹೊರಡುವವರ ಕೈಗೆ ಕೇಂದ್ರದ ವಿಳಾಸ ಬರೆದ ಕಾರ್ಡೊಂದನ್ನು ಕೊಡುತ್ತಾಳೆ. "ಏನಾದ್ರೂ ಇಷ್ಟ ಆದ್ರೆ ಊರಿಗೆ ಹೋದ್ಮೇಲೆ ಒಂದು ಸಾಲು ಬರೀರಿ" ಎನ್ನುತ್ತಾಳೆ. ಮೊದಲ ವರ್ಷ ಹದಿನೇಳು ಕಾರ್ಡು ಬಂದವು, ಹನ್ನೊಂದರಲ್ಲಿ ಬೈಗುಳ. ಒಂದರಲ್ಲಿ ಮಾತ್ರ ಒಬ್ಬಾಕೆ ಬರೆದಿದ್ದಳು: ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಯಾರೋ ಮರದ ಕೆಳಗೆ ಮಂಚ ಹಾಕಿ ಕೂರಿಸಿದರು, ಅರ್ಧ ದಿನ ಅಲ್ಲೇ ಕಳೆದೆವು, ಆ ಊರಿನ ಹೆಸರೇ ಕೇಳಲಿಲ್ಲ. ಅಕ್ಕ ಆ ಕಾರ್ಡನ್ನು ಬಂದ ಕಂಡಕ್ಟರುಗಳಿಗೆಲ್ಲ ತೋರಿಸಿ, ಯಾವ ಮರ, ಯಾವ ಊರು ಎಂದು ವಿಚಾರಿಸುತ್ತಿದ್ದಾಳೆ. ಇಬ್ಬರು ತಮಗೆ ಗೊತ್ತೆಂದಿದ್ದಾರೆ, ಬೇರೆ ಬೇರೆ ಊರು ಹೇಳಿದ್ದಾರೆ. ಎರಡಕ್ಕೂ ಹೋಗಿ ನೋಡಲು ರಜೆ ಹಾಕಿದ್ದಾಳೆ.